ಕೂರ್ಗ್ ನೋಡಿದ್ದಾಯಿತು, ಕೊಡಗು ನೋಡುವುದು ಯಾವಾಗ?

ಯಾವುದಾದರೂ ಶುಕ್ರವಾರ ರಾತ್ರಿ ಬೆಂಗಳೂರಿನ ಮೈಸೂರು ರಸ್ತೆಯ ಬಸ್ ನಿಲ್ದಾಣಕ್ಕೆ ಹೋಗಿ ಒಂದು ಗಂಟೆ ಸುಮ್ಮನೆ ನಿಲ್ಲಿ. ಬೆನ್ನಿಗೆ ದೊಡ್ಡ ಚೀಲ, ಕಾಲಿಗೆ ದಪ್ಪ ಬೂಟು, ಕೈಯಲ್ಲಿ ನೀರಿನ ಬಾಟಲಿ ಹಿಡಿದ ಹುಡುಗ ಹುಡುಗಿಯರ ಗುಂಪುಗಳು ಸಾಲಾಗಿ ಬರುತ್ತವೆ. ಹೊರಗೆ ರಸ್ತೆಯಲ್ಲಿ ಬೈಕುಗಳ ಹಿಂಡು. ಎಲ್ಲಿಗಪ್ಪ ಪ್ರಯಾಣ ಎಂದು ಕೇಳಿ ನೋಡಿ. "ಕೂರ್ಗ್" ಎನ್ನುತ್ತಾರೆ. ಹೊರಗಿನಿಂದ ಬಂದವರು ಹಾಗೆ ಹೇಳಿದರೆ ತಪ್ಪು ತಿಳಿಯಬೇಕಾಗಿಲ್ಲ. ಆದರೆ ಅದೇ ಗುಂಪಿನಲ್ಲಿ ಮಂಡ್ಯದ ಹುಡುಗನಿದ್ದಾನೆ, ಹಾಸನದ ಹುಡುಗಿಯಿದ್ದಾಳೆ, ಬಸವನಗುಡಿಯಲ್ಲಿ ಹುಟ್ಟಿ ಬೆಳೆದವನಿದ್ದಾನೆ. ನವೆಂಬರ್ ಬಂದರೆ ಹಳದಿ ಕೆಂಪು ಬಾವುಟ ಕಟ್ಟಿಕೊಂಡು ಓಡಾಡುವವನೂ ಇದ್ದಾನೆ. ಅವರೆಲ್ಲರ ಬಾಯಲ್ಲೂ ಕೂರ್ಗೇ!

ಕರ್ನಾಟಕದ ನಕ್ಷೆ ಬಿಚ್ಚಿ ಹುಡುಕಿ. ಕೂರ್ಗ್ ಎನ್ನುವ ಜಿಲ್ಲೆ ಅದರಲ್ಲಿ ಇಲ್ಲ. ಕೂರ್ಗ್ ಎನ್ನುವುದು ಬ್ರಿಟಿಷರ ನಾಲಿಗೆಗೆ ಒಗ್ಗಿದ ರೂಪ. 1834ರಲ್ಲಿ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ನಾಡನ್ನು ಕಸಿದುಕೊಂಡವರು ತಮ್ಮ ಕಡತಗಳಲ್ಲಿ ಬರೆದುಕೊಂಡ ಹೆಸರು ಅದು. 1956ರ ನವೆಂಬರ್ 1ರಂದು ಕೂರ್ಗ್ ರಾಜ್ಯ ಕೊನೆಗೊಂಡು ಕೊಡಗು ನಮ್ಮ ರಾಜ್ಯದ ಒಂದು ಜಿಲ್ಲೆಯಾಯಿತು. ಇಷ್ಟು ವರ್ಷವಾದರೂ ನಮ್ಮ ನಾಲಿಗೆಯ ಮೇಲೆ ಮಾತ್ರ ಆ ಕಡತ ಮುಚ್ಚಿಲ್ಲ.

ಒಂದು ಹೆಸರಿಗೆ ಇಷ್ಟೊಂದು ರಂಪವೇ ಎಂದು ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಆದರೆ ಈ ಬರಹ ಮುಗಿಯುವವರೆಗೆ ಜೊತೆಗೆ ನಡೆಯಿರಿ. ಕೊಡಗಿನ ಕಾಲುದಾರಿಗಳಲ್ಲಿ ಹೆಸರು ಎಂದರೆ ಏನು, ಅದನ್ನು ಕಳೆದುಕೊಂಡರೆ ಏನೇನು ಕಳೆದುಕೊಳ್ಳುತ್ತೇವೆ ಎಂದು ಹೇಳುವುದಿದೆ. ನಡುವೆ ನಮಗೇ ಚುಚ್ಚುವ ಒಂದು ಮಾತೂ ಇದೆ. ಅದನ್ನೂ ಕೇಳಿಸಿಕೊಳ್ಳಬೇಕು.

ಅಬ್ಬಿ ಹೋಗಿ 'ಅಬ್ಬೆ' ಆದದ್ದು

ಮಡಿಕೇರಿಗೆ ಹೋದವರು ಮೊದಲು ಓಡುವುದು ಜಲಪಾತಕ್ಕೆ. ಇಂಗ್ಲಿಷಿನಲ್ಲಿ ಅದನ್ನು ಬರೆಯುವ ಕಾಗುಣಿತ ನೋಡಿದರೆ ಅಲ್ಲೊಂದು ಕ್ರೈಸ್ತ ಸನ್ಯಾಸಿಗಳ ಮಠ ಇರಬೇಕು ಎನ್ನಿಸುತ್ತದೆ. ಮಠವೂ ಇಲ್ಲ, ಮಣ್ಣೂ ಇಲ್ಲ. ಅದು ಅಬ್ಬಿ. ಅಬ್ಬಿ ಎಂದರೆ ಜಲಪಾತ. ಆಗುಂಬೆಯ ಹತ್ತಿರ ಒನಕೆ ಅಬ್ಬಿ ಇದೆ, ಮಾಸ್ತಿಕಟ್ಟೆಯ ಕಡೆ ಕುಂಚಿಕಲ್ ಅಬ್ಬಿ ಇದೆ. ಮಲೆನಾಡಿನ ಉದ್ದಕ್ಕೂ ನೀರು ಬೀಳುವ ಕಡೆಯೆಲ್ಲ ಜನ ಇಟ್ಟ ಹೆಸರು ಅದು. ಬ್ರಿಟಿಷರು ಮಡಿಕೇರಿಯ ಅಬ್ಬಿಯನ್ನು ಜೆಸ್ಸಿ ಫಾಲ್ಸ್ ಎಂದು ಕರೆದರು. ಆ ಹೆಸರು ನಿಲ್ಲಲಿಲ್ಲ, ಜನರ ಹೆಸರೇ ಗೆದ್ದಿತು. ಗೆದ್ದ ಹೆಸರನ್ನು ನಾವು ಉಳಿಸಿಕೊಂಡೆವೇ? ಇಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು, ಅದನ್ನೇ ಓದಿಕೊಂಡು, 'ಅಬ್ಬೆ ಫಾಲ್ಸ್' ಎಂದೆವು. ಅಂದರೆ ಜಲಪಾತ ಜಲಪಾತ!

ಮಡಿಕೇರಿಯ ಕಥೆಯೂ ಅಷ್ಟೆ. 1681ರಲ್ಲಿ ಮುದ್ದುರಾಜ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜನ ಕೇರಿ ಮಡಿಕೇರಿಯಾಯಿತು. ಅದನ್ನು ಇಂಗ್ಲಿಷರು ಮರ್ಕೆರಾ ಮಾಡಿದರು. ಕುಶಾಲನಗರವನ್ನು ಫ್ರೇಜರ್ ಎಂಬ ತಮ್ಮ ಅಧಿಕಾರಿಯ ಹೆಸರಲ್ಲಿ ಫ್ರೇಜರ್‌ಪೇಟೆ ಮಾಡಿದರು. ಆ ಎರಡು ಹೆಸರುಗಳನ್ನು ನಾವು ಕಿತ್ತು ಹಾಕಿದ್ದೇವೆ, ಸಂತೋಷ.

ಆದರೆ ಈಗ ಹೆಸರು ಕೆಡಿಸುತ್ತಿರುವವರು ಬ್ರಿಟಿಷರಲ್ಲ, ನಾವೇ. ಮಾಂದಲಪಟ್ಟಿ ಎಂಬ ಚಂದದ ಹೆಸರಿನ ಬೆಟ್ಟದ ಬಯಲೊಂದಿದೆ. 2008ರಲ್ಲಿ 'ಗಾಳಿಪಟ' ಸಿನಿಮಾ ಬಂತು. ಅದರಲ್ಲಿ ಆ ಜಾಗಕ್ಕೆ ಮುಗಿಲುಪೇಟೆ ಎಂದು ಕರೆದರು. ಕಥೆಗೆ ಬೇಕಾಗಿತ್ತು, ಇಟ್ಟರು. ಹೆಸರು ಕನ್ನಡದ್ದೇ, ಕೇಳಲು ಸೊಗಸಾಗಿಯೂ ಇದೆ. ಆದರೆ ಸಿನಿಮಾ ನೋಡಿ ಬಂದವರು ಊರಿನವರ ಹತ್ತಿರ ಹೋಗಿ "ಮುಗಿಲುಪೇಟೆಗೆ ದಾರಿ ಯಾವುದು?" ಎಂದು ಕೇಳತೊಡಗಿದರು. ತಮ್ಮ ಬೆಟ್ಟದ ಹೆಸರನ್ನು ಹೊರಗಿನಿಂದ ಬಂದವರ ಬಾಯಿಂದ ಕಲಿಯಬೇಕಾದ ಪಾಡು ಊರಿನವರಿಗೆ ಬಂತು. ಬ್ರಿಟಿಷರು ಮಾಡಿದರೆ ದಬ್ಬಾಳಿಕೆ, ನಾವು ಮಾಡಿದರೆ ಸಿನಿಮಾ ಅಭಿಮಾನವೇ?

ಇನ್ನು ಪುಷ್ಪಗಿರಿ. ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯಲ್ಲಿ ನಿಂತಿರುವ 1712 ಮೀಟರ್ ಎತ್ತರದ ಬೆಟ್ಟ. ಸೋಮವಾರಪೇಟೆ ಕಡೆಯವರಿಗೆ ಪುಷ್ಪಗಿರಿ, ಸುಬ್ರಹ್ಮಣ್ಯದ ಕಡೆಯವರಿಗೆ ಕುಮಾರಪರ್ವತ. ಎರಡು ಕಡೆಯ ಜನ, ಎರಡು ಹೆಸರು, ಎರಡಕ್ಕೂ ಅರ್ಥವಿದೆ, ಎರಡರ ಹಿಂದೆಯೂ ಭಕ್ತಿಯಿದೆ. ನಮ್ಮ ಚಾರಣದ ಹುಡುಗರು ಅದಕ್ಕೆ ಮೂರನೆಯ ಹೆಸರಿಟ್ಟಿದ್ದಾರೆ. 'ಕೆಪಿ'! "ಕೆಪಿ ಮಾಡಿದ್ಯಾ ಮಚ್ಚಾ?" "ನೆಕ್ಸ್ಟ್ ವೀಕ್ ಮಾಡ್ತೀನಿ." ಬೆಟ್ಟವನ್ನು ಹತ್ತುವುದಿಲ್ಲ ಇವರು, 'ಮಾಡುತ್ತಾರೆ'. ಪರೀಕ್ಷೆ ಮಾಡಿದ ಹಾಗೆ, ಪಟ್ಟಿಯಲ್ಲಿ ಗೀಟು ಹೊಡೆದ ಹಾಗೆ.

ಹೆಸರು ಗೊತ್ತಿಲ್ಲದೆ ಮಂಜಿನಲ್ಲಿ ನಿಂತಾಗ

ನನ್ನದೇ ಒಂದು ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ಐದು ಜನ ಕಕ್ಕಬ್ಬೆ ಕಡೆಯ ಒಂದು ಬೆಟ್ಟಕ್ಕೆ ಹೋಗಿದ್ದೆವು. ಇಳಿಯುವಾಗ ಮಂಜು ಕವಿಯಿತು. ಹತ್ತು ಅಡಿ ಆಚೆ ಏನೂ ಕಾಣದು. ನಮ್ಮಲ್ಲಿ ಒಬ್ಬ ಮುಂದೆ ಹೋದವನು ದಾರಿ ತಪ್ಪಿದ. ಫೋನಿನಲ್ಲಿ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ಒಮ್ಮೆ ಸಿಕ್ಕಿದಾಗ "ಸೆಕೆಂಡ್ ವ್ಯೂ ಪಾಯಿಂಟ್ ಹತ್ರ ಇದ್ದೀನಿ" ಎಂದ. ಅಷ್ಟಕ್ಕೆ ಕರೆ ಕಡಿಯಿತು.

ಕೆಳಗೆ ತೋಟದ ಅಂಚಿನಲ್ಲಿ ಒಬ್ಬ ಮುದುಕರು ಸೌದೆ ಹೊರೆ ಕಟ್ಟುತ್ತಿದ್ದರು. ಓಡಿ ಹೋಗಿ ವಿಷಯ ಹೇಳಿದೆವು.

"ಸೆಕೆಂಡ್ ಪಾಯಿಂಟಾ? ಅದೆಲ್ಲಿ ಬಂತು?" ಎಂದರು ಅವರು.

"ಗೊತ್ತಿಲ್ಲ ಅಜ್ಜ, ಮ್ಯಾಪಲ್ಲಿ ಹಾಗೆ ಇದೆ."

"ಮ್ಯಾಪು ಇರಲಿ. ಹುಡುಗ ಯಾವ ಕೊಲ್ಲಿ ದಾಟಿದ್ದು? ನೀರು ಎಡಕ್ಕೆ ಇತ್ತಾ, ಬಲಕ್ಕೆ ಇತ್ತಾ?"

ನಮಗೆ ಕೊಲ್ಲಿ ಎಂದರೇನು ಎಂದೇ ಗೊತ್ತಿರಲಿಲ್ಲ. ಕೊಲ್ಲಿ ಎಂದರೆ ನಮಗೆ ಶಾಲೆಯಲ್ಲಿ ಓದಿದ ಬಂಗಾಳಕೊಲ್ಲಿ ಒಂದೇ! ಕೊಡಗಿನಲ್ಲಿ ಬೆಟ್ಟದ ಸಂದಿನಲ್ಲಿ ಹರಿಯುವ ಹಳ್ಳಕ್ಕೆ, ಆ ಹಳ್ಳ ಕೊರೆದ ಕಮರಿಗೆ ಕೊಲ್ಲಿ ಎನ್ನುತ್ತಾರೆ. ಒಂದೊಂದು ಕೊಲ್ಲಿಗೂ ಒಂದೊಂದು ಹೆಸರು. ಆ ಹೆಸರುಗಳೇ ಅವರ ನಕ್ಷೆ. ಸಿಗ್ನಲ್ ಬೇಡ, ಬ್ಯಾಟರಿ ಬೇಡ. ಕಡೆಗೆ ನಾವು ನೆನಪು ಮಾಡಿಕೊಂಡು ಹೇಳಿದ ಬಂಡೆ, ಮರ, ನೀರಿನ ಸದ್ದು ಕೇಳಿಕೊಂಡು ಅವರೇ ಕತ್ತಿ ಹಿಡಿದು ಹೊರಟರು. ಒಂದೂವರೆ ಗಂಟೆಯಲ್ಲಿ ಹುಡುಗನನ್ನು ಕರೆದುಕೊಂಡು ಬಂದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಇನ್ನು ಬರುವಾಗ ಹೆಸರು ಕೇಳಿಕೊಂಡು ಹತ್ತಿ" ಎಂದರು. ಅಷ್ಟೆ.

ಆ ಮಾತು ನನ್ನ ತಲೆಯಿಂದ ಇಂದಿಗೂ ಹೋಗಿಲ್ಲ. ಭಾಷೆ ಎಂದರೆ ಭಾವನೆ, ಅಭಿಮಾನ ಎಂದು ನಾವು ಭಾಷಣ ಮಾಡುತ್ತೇವೆ. ಸರಿ. ಆದರೆ ಮಂಜಿನಲ್ಲಿ ಭಾಷೆ ಎಂದರೆ ಪ್ರಾಣ.

ಇನ್ನೊಂದು ನೋಡಿ. ಕೊಡಗಿನಲ್ಲಿ ಬ್ರಹ್ಮಗಿರಿ ಒಂದಲ್ಲ, ಎರಡು. ಒಂದು ತಲಕಾವೇರಿಯ ಮೇಲಿನ ಬ್ರಹ್ಮಗಿರಿ. ಇನ್ನೊಂದು ದಕ್ಷಿಣದ ತುದಿಯಲ್ಲಿ, ಇರ್ಪು ಜಲಪಾತದ ಮೇಲೆ, ಕೇರಳದ ವಯನಾಡಿಗೆ ಅಂಟಿಕೊಂಡಿರುವ 1608 ಮೀಟರಿನ ಬ್ರಹ್ಮಗಿರಿ. ಎರಡಕ್ಕೂ ನಡುವೆ ಅರ್ಧ ಕೊಡಗೇ ಇದೆ. ಬರೀ ಬ್ರಹ್ಮಗಿರಿ ಎಂದು ಫೋನಿನಲ್ಲಿ ಒತ್ತಿ ಹೊರಟವರು ಎಲ್ಲಿ ಹೋಗಿ ಇಳಿಯುತ್ತಾರೋ ದೇವರೇ ಬಲ್ಲ. ಅದೇ ಗೋಣಿಕೊಪ್ಪದ ಬಸ್ಸಿನಲ್ಲಿ ಕೂತು ಪಕ್ಕದವರನ್ನು ಕನ್ನಡದಲ್ಲಿ ಕೇಳಿ. "ಇರ್ಪುವಿನದ್ದಾ, ತಲಕಾವೇರಿಯದ್ದಾ?" ಎಂದು ಅವರೇ ತಿರುಗಿ ಕೇಳುತ್ತಾರೆ. ಒಂದು ಪ್ರಶ್ನೆಯಲ್ಲಿ ನಿಮ್ಮ ದಿನ ಉಳಿಯಿತು.

ಕಾಲುದಾರಿಯಲ್ಲಿ ಬರೆದಿಟ್ಟ ಚರಿತ್ರೆ

ಕೊಡಗಿನಲ್ಲಿ ನಡೆಯುವಾಗ ಕೆಲವು ಕಡೆ ನೆಲದಲ್ಲಿ ಆಳವಾದ ಕಂದಕ ಸಿಗುತ್ತದೆ. ಎರಡು ಕಡೆ ಮಣ್ಣಿನ ಏರಿ, ಮೇಲೆ ಮರಗಳು, ಒಳಗೆ ನೆರಳು. ಮಳೆಗೆ ಕೊರೆದ ಹಳ್ಳ ಇರಬೇಕು ಎಂದುಕೊಂಡು ನೀವು ಮುಂದೆ ಹೋಗುತ್ತೀರಿ. ಅದು ಕಡಂಗ. ಹಿಂದಿನ ಕಾಲದಲ್ಲಿ ನಾಡುನಾಡುಗಳ ನಡುವೆ ಕಾಳಗವಾದಾಗ ರಕ್ಷಣೆಗೆ ಜನ ತೋಡಿದ ಯುದ್ಧದ ಕಂದಕ. ವಿರಾಜಪೇಟೆಯ ಹತ್ತಿರ ಕಡಂಗ ಎಂಬ ಹೆಸರಿನ ಊರೇ ಇದೆ.

ಈ ಕಡಂಗ ಎಂಬ ಮಾತು ಎಷ್ಟು ಹಳೆಯದು ಗೊತ್ತೇ? ಬಿಳಿಯೂರಿನ ಶಾಸನದಲ್ಲಿ ಪೆಣ್ಣೆಕಡಂಗ ಎಂಬ ಊರಿನ ಹೆಸರಿದೆ. ಆ ಶಾಸನ ಕ್ರಿ.ಶ. 888ರದು. ಗಂಗರ ಕಾಲದ್ದು. ಬರೆದದ್ದು ಕನ್ನಡದಲ್ಲಿ. ಆಮೇಲಿನ 977ರ ಪೆಗ್ಗೂರು ಶಾಸನವೂ ಕನ್ನಡದ್ದೇ. ಬಿ. ಎಲ್. ರೈಸ್ ನಮ್ಮ ನಾಡಿನ ಶಾಸನಗಳನ್ನೆಲ್ಲ ಒಟ್ಟು ಮಾಡಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರಡಿಸಿದನಲ್ಲ, ಅದರ ಮೊದಲ ಸಂಪುಟ ಯಾವುದು? 1886ರಲ್ಲಿ ಬಂದ ಕೊಡಗಿನ ಶಾಸನಗಳ ಸಂಪುಟ. ಹಂಪಿಯದಲ್ಲ, ಬೇಲೂರಿನದಲ್ಲ. ಕೊಡಗಿನದು!

ತಡಿಯಂಡಮೋಳ್ ಹತ್ತುವವರು ನಾಲ್ಕುನಾಡು ಅರಮನೆಯ ಹತ್ತಿರದಿಂದ ಹೊರಡುತ್ತಾರೆ. 1748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಎಲ್ಲರ ಕಣ್ಣು ಶಿಖರದ ಮೇಲೆ. ಅರಮನೆಯ ಮುಂದೆ ಒಂದು ಫೋಟೋ, ಆಮೇಲೆ ಓಟ. ಸ್ವಲ್ಪ ನಿಲ್ಲಿ. ಈ ಅರಮನೆಯನ್ನು ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ. ಟಿಪ್ಪುವಿನ ಜೊತೆ ಸೆಣಸಿದ ಅರಸ, ಶತ್ರು ಸುಲಭಕ್ಕೆ ಮುಟ್ಟದ ಕಾಡಿನ ಮಡಿಲು ಹುಡುಕಿ ಕಟ್ಟಿದ್ದು. ಕೊಡಗಿನ ಚರಿತ್ರೆ ಹೇಳುವ 'ರಾಜೇಂದ್ರನಾಮೆ'ಯನ್ನು ಬರೆಸಿದವನೂ ಇವನೇ, ಅದೂ ಕನ್ನಡದಲ್ಲಿ. 1834ರಲ್ಲಿ ಬ್ರಿಟಿಷರು ನುಗ್ಗಿ ಬಂದಾಗ ಚಿಕ್ಕವೀರರಾಜೇಂದ್ರ ಮಡಿಕೇರಿ ಬಿಟ್ಟು ಬಂದು ಕೂತದ್ದು ಇದೇ ಅರಮನೆಯಲ್ಲಿ. ಸ್ವತಂತ್ರ ಕೊಡಗಿನ ಕೊನೆಯ ದಿನಗಳನ್ನು ಕಂಡ ಬಾಗಿಲು ಅದು. ಅದರ ಮೆಟ್ಟಿಲ ಮೇಲೆ ಕೂತು ನಾವು ಚಿಪ್ಸ್ ತಿಂದು ಕವರು ಅಲ್ಲೇ ಬಿಟ್ಟು ಬರುತ್ತೇವೆ.

ಮೂರೇ ವರ್ಷ. 1837ರಲ್ಲಿ ಇದೇ ಘಟ್ಟದ ಜನ ದಂಗೆ ಎದ್ದರು. ಕೊಡಗಿನವರೂ ಸುಳ್ಯ ಸೀಮೆಯ ರೈತರೂ ಒಂದಾಗಿ, ಅಮರಸುಳ್ಯದಿಂದ ನಡೆದುಕೊಂಡೇ ಮಂಗಳೂರಿನವರೆಗೆ ಹೋಗಿ, ಬ್ರಿಟಿಷರನ್ನು ಓಡಿಸಿ, ಹದಿಮೂರು ದಿನ ಊರನ್ನು ಕೈಯಲ್ಲಿಟ್ಟುಕೊಂಡರು. 1857ಕ್ಕೂ ಇಪ್ಪತ್ತು ವರ್ಷ ಮೊದಲು! ಆ ತಪ್ಪಿಗೆ ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅವರ ಕಾಲಿಗೆ ಬೂಟಿರಲಿಲ್ಲ, ಮಳೆಗೆ ರೇನ್‌ಕೋಟಿರಲಿಲ್ಲ. ನೀವು 'ಟ್ರೆಯಿಲ್' ಎನ್ನುವ ಘಟ್ಟದ ಕಾಲುದಾರಿಗಳಲ್ಲಿ ಅಂಥವರು ನಡೆದಿದ್ದಾರೆ.

ಕನ್ನಡದ ಸಾಹಿತ್ಯಕ್ಕೂ ಈ ನೆಲದ ಋಣವಿದೆ. 1932ರಲ್ಲಿ ಡಿವಿಜಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದದ್ದು ಮಡಿಕೇರಿಯಲ್ಲಿ. 1981ರಲ್ಲಿ, 2014ರಲ್ಲಿ ಮತ್ತೆ ಅಲ್ಲೇ ನಡೆಯಿತು. ಕನ್ನಡದ ಮೊದಲ ಸಾಲಿನ ಕಥೆಗಾರ್ತಿಯರಲ್ಲಿ ಒಬ್ಬರಾದ ಕೊಡಗಿನ ಗೌರಮ್ಮ ತಮ್ಮ ಹೆಸರಿನಲ್ಲೇ ಈ ನಾಡನ್ನು ಹೊತ್ತವರು. ಪಂಜೆ ಮಂಗೇಶರಾಯರು ಇಲ್ಲಿ ಮೇಷ್ಟರಾಗಿದ್ದು ಕೊಡಗಿನ ಹುತ್ತರಿಯ ಮೇಲೆ ಬರೆದ ಹಾಡನ್ನು ನೀವು ಶಾಲೆಯಲ್ಲಿ ಹಾಡಿರುತ್ತೀರಿ. ಹಾಡಿದವರು ಆ ಬೆಟ್ಟದ ಕೆಳಗೆ ನಿಂತಾಗ "ವಾವ್, ಸ್ಕಾಟ್ಲೆಂಡ್ ಥರಾ ಇದೆ" ಎಂದರೆ ಪಂಜೆಯವರು ಏನೆಂದುಕೊಂಡಾರು?

ಈಗ ನಮಗೇ ಚುಚ್ಚುವ ಮಾತು

ಇಲ್ಲಿಯವರೆಗೆ ಓದಿ ನೀವು ತಲೆದೂಗಿದ್ದೀರಿ. ಸರಿ, ಕೊಡಗಿನಲ್ಲಿ ಕನ್ನಡ ಉಳಿಸಬೇಕು, ಬಾವುಟ ತೆಗೆದುಕೊಂಡು ಹೊರಡೋಣ ಎನ್ನುತ್ತೀರಿ. ಸ್ವಲ್ಪ ತಾಳಿ.

ಬೆಟ್ಟ ಹತ್ತುವಾಗ ನೀವು ಕೇಳುವ ಹೆಸರುಗಳಲ್ಲಿ ಎಷ್ಟೋ ಹೆಸರು ಕನ್ನಡದವಲ್ಲ. ಅವು ಕೊಡವ ತಕ್ಕಿನವು. ಕೊಡವ ತಕ್ಕ್ ಕನ್ನಡದ ಉಪಭಾಷೆ ಎಂದು ನಮ್ಮವರು ಎಷ್ಟೋ ಸಲ ಹೇಳಿದ್ದಾರೆ. ಅದು ತಪ್ಪು. ಅದು ತಮಿಳು, ಕನ್ನಡ, ತುಳು, ಮಲಯಾಳಗಳ ಹಾಗೆ ತನ್ನದೇ ವ್ಯಾಕರಣ, ತನ್ನದೇ ಸ್ವರಗಳಿರುವ ದ್ರಾವಿಡ ಭಾಷೆ. 1930ರ ದಶಕದಲ್ಲಿ ಎಂ. ಬಿ. ಎಮೆನೋ ಎಂಬ ಭಾಷಾ ವಿದ್ವಾಂಸ ಅಮೆರಿಕದಿಂದ ಬಂದು ಅದನ್ನು ಅಧ್ಯಯನ ಮಾಡಿದ. ನೂರು ಮೈಲಿ ದೂರದಲ್ಲಿದ್ದ ನಮಗೆ ಅದರ ನಾಲ್ಕು ಮಾತು ಗೊತ್ತಿಲ್ಲ.

ಜನಗಣತಿ ನೋಡಿ. 2001ರಲ್ಲಿ ಕೊಡವ ತಕ್ಕನ್ನು ತಾಯ್ನುಡಿ ಎಂದು ಬರೆಸಿದವರು 1,66,187 ಜನ. 2011ರಲ್ಲಿ 1,13,857. ಹತ್ತೇ ವರ್ಷದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕಡಿಮೆ! ಯುನೆಸ್ಕೋದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕನ್ನಡಕ್ಕೆ ಕುತ್ತು ಬಂದಿದೆ ಎಂದು ನಾವು ಬೀದಿಗೆ ಇಳಿಯುತ್ತೇವೆ, ಇಳಿಯಲೇಬೇಕು. ಆದರೆ ನಮ್ಮ ಮನೆಯ ಅಂಗಳದಲ್ಲೇ ಒಂದು ಭಾಷೆ ಸೊರಗುತ್ತಿದ್ದರೆ ಅದರ ಕಡೆ ತಿರುಗಿ ನೋಡದವರಿಗೆ ದೆಹಲಿಯ ಮುಂದೆ ಎದೆ ತಟ್ಟಿಕೊಳ್ಳುವ ಹಕ್ಕು ಎಲ್ಲಿಂದ ಬಂತು? ಹಿಂದಿಯವರು ನಮಗೆ ಮಾಡುವುದನ್ನು ನಾವು ಕೊಡವರಿಗೆ ಮಾಡಬಾರದು. ಬರೀ ಕೊಡವ ತಕ್ಕಲ್ಲ. ಯರವರ ಮಾತಿದೆ, ಜೇನುಕುರುಬರ ಮಾತಿದೆ, ಕುಡಿಯರಿದ್ದಾರೆ. ಅರೆಭಾಷೆ ಇದೆ. ಅದು ಕನ್ನಡದ್ದೇ ಕೂಸು, ಆದರೆ ಬೆಂಗಳೂರಿನ ಹುಡುಗ ಕೇಳಿದರೆ ನಗುತ್ತಾನೆ. ನಕ್ಕರೆ ಅವನದು ಎಂಥ ಕನ್ನಡಾಭಿಮಾನ?

ಕನ್ನಡಕ್ಕೂ ಕೊಡವ ತಕ್ಕಿಗೂ ಜಗಳವೇ ಇಲ್ಲ, ಜಗಳ ಹಚ್ಚುವವರು ಇದ್ದಾರೆ ಅಷ್ಟೆ. ಹರದಾಸ ಅಪ್ಪಚ್ಚ ಕವಿ ತಮ್ಮ ಕೊಡವ ನಾಟಕಗಳನ್ನು ಬರೆದದ್ದು ಕನ್ನಡ ಲಿಪಿಯಲ್ಲಿ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದ್ದೂ ಕನ್ನಡ ಲಿಪಿಯಲ್ಲೇ. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ, 2011ರಲ್ಲಿ ಅರೆಭಾಷೆ ಅಕಾಡೆಮಿ ಕಟ್ಟಿದ್ದು ನಮ್ಮ ರಾಜ್ಯವೇ. ಆದ್ದರಿಂದ ಬೆಟ್ಟದ ಬುಡದ ಫಲಕದಲ್ಲಿ ಕನ್ನಡ ಅಕ್ಷರದಲ್ಲಿ ಊರಿನವರು ಕರೆಯುವ ಹೆಸರನ್ನೇ ಬರೆದರೆ ಕನ್ನಡವೂ ಗೆದ್ದಿತು, ಕೊಡವ ತಕ್ಕೂ ಉಳಿಯಿತು.

ಕಾವೇರಿ ನಮ್ಮದು, ಬಾಟಲಿ ಯಾರದು?

"ಕಾವೇರಿ ನಮ್ಮದು" ಎಂದು ನೀವೂ ಕೂಗಿದ್ದೀರಿ, ನಾನೂ ಕೂಗಿದ್ದೇನೆ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಹುಟ್ಟುವುದು ಇಲ್ಲಿ. ಬೆಟ್ಟದ ಮೇಲಿನ ಹುಲ್ಲು, ಕಣಿವೆಯ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಕೊಲ್ಲಿಗಳಿಗೆ ಬಿಡುತ್ತವೆ. ಆ ಕೊಲ್ಲಿಗಳು ಸೇರಿ ಹೊಳೆ. ಹುಲ್ಲಿನ ಮೇಲೆ ಜೀಪು ಹರಿದರೆ ಮಣ್ಣು ಸಡಿಲವಾಗುತ್ತದೆ, ಮಳೆಗೆ ಕೊಚ್ಚಿ ಹೋಗುತ್ತದೆ. 2018ರ ಆಗಸ್ಟ್ ನೆನಪಿದೆಯೇ? ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಎಂದು ಊರೂರೇ ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿ ಅರ್ಚಕರ ಮನೆಗಳ ಮೇಲೆ ಬಿದ್ದು ಜೀವ ಹೋಯಿತು. ಆ ಕುಸಿತಗಳಿಗೆಲ್ಲ ಚಾರಣಿಗರೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅಂಥ ವಿಪರೀತ ಮಳೆಗೆ ಬೆಟ್ಟ ಜಾರಿತು, ಬೆಟ್ಟ ಕಡಿದು ಕಟ್ಟಿದ್ದೂ ಸೇರಿಕೊಂಡಿತು. ಆದರೆ ಅಷ್ಟು ನೊಂದ ಮಣ್ಣಿನ ಮೇಲೆ ನಾವು ಹೇಗೆ ನಡೆಯಬೇಕು ಎಂಬುದು ನಮ್ಮ ಕೈಯಲ್ಲೇ ಇದೆ.

2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರಪರ್ವತದಲ್ಲಿ ಸಂತೆ ಸೇರಿದ ಹಾಗೆ ಜನ ಸೇರಿದರು. ಆ ಚಿತ್ರ ನಾಡೆಲ್ಲ ಹರಡಿತು. ಸರ್ಕಾರ ಎಚ್ಚೆತ್ತು ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಆಮೇಲೆ ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ತಂದು, ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ಬುಕಿಂಗ್ ಶುರು ಮಾಡಿತು. ಮಿತಿ ಒಳ್ಳೆಯದೇ. ನಮ್ಮ ಸ್ವಾತಂತ್ರ್ಯ ಹೋಯಿತು ಎಂದು ಕೂಗಾಡುವವರ ಜೊತೆ ನಾವು ಸೇರಬಾರದು. ಕಾಡು ನಮ್ಮ ಅಪ್ಪನ ಆಸ್ತಿಯಲ್ಲ.

ಇನ್ನು ಬೈಕಿನವರ ವಿಷಯ. ಸೈಲೆನ್ಸರ್ ಕಿತ್ತ ಬೈಕಿನಲ್ಲಿ ಹೋದರೆ ಏನು ಕಾಣುತ್ತದೆ? ಮುಂದಿನ ಬೈಕಿನ ಹಿಂಭಾಗ ಕಾಣುತ್ತದೆ. ಸೈಕಲ್ ಹತ್ತಿ ನೋಡಿ. ವಿರಾಜಪೇಟೆಯಿಂದ ಕಡಂಗ, ಚೆಯ್ಯಂಡಾಣೆ ಮೇಲೆ ಕಕ್ಕಬ್ಬೆಗೆ ಒಂದು ರಸ್ತೆ ಇದೆ. ಗದ್ದೆ, ತೋಟ, ಓಣಿ, ಐನ್‌ಮನೆಗೆ ಹೋಗುವ ದಾರಿ ಎಲ್ಲ ನಿಧಾನವಾಗಿ ಎದುರಾಗುತ್ತವೆ. ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟದ ಕಡೆಯ ರಸ್ತೆ ಇನ್ನೊಂದು. ಕುಟ್ಟದ ಕಡೆ ಆನೆಯ ಓಡಾಟವಿದೆ, ಹೊತ್ತು ಮುಳುಗುವ ಮೊದಲೇ ಊರು ಸೇರಿಕೊಳ್ಳಿ. ಕಾಲಲ್ಲಿ ಕಸುವಿದ್ದವರು ಭಾಗಮಂಡಲದಿಂದ ತಲಕಾವೇರಿಯ 8 ಕಿಲೋಮೀಟರ್ ಏರು ಹತ್ತಿ ನೋಡಿ, ಗೊತ್ತಾಗುತ್ತದೆ. ಸೈಕಲ್ಲಿನವನನ್ನು ಊರಿನವರು ಮಾತಾಡಿಸುತ್ತಾರೆ. ಏರಿನಲ್ಲಿ ಇಳಿದು ತಳ್ಳುತ್ತಿದ್ದರೆ "ಎಲ್ಲಿಂದ ಬಂದದ್ದು? ನೀರು ಬೇಕಾ?" ಎನ್ನುತ್ತಾರೆ. ನೂರು ಡೆಸಿಬಲ್ ಬೈಕಿನವನನ್ನು ಯಾರು ಮಾತಾಡಿಸುತ್ತಾರೆ? ನಾಯಿ ಮಾತಾಡಿಸುತ್ತದೆ.

ನಾವು ಕೇಳಬೇಕಾದ್ದು

ಬೈದು ಸುಮ್ಮನಾದರೆ ಪ್ರಯೋಜನವಿಲ್ಲ. ಸರ್ಕಾರವನ್ನು ನಾವು ಕೇಳಬೇಕಾದ್ದು ಸ್ಪಷ್ಟವಾಗಿರಲಿ.

ಒಂದು. ಪ್ರತಿ ಚಾರಣ ದಾರಿಯ ಬುಕಿಂಗು, ರಸೀದಿ, ಎಚ್ಚರಿಕೆಯ ಮಾತು ಎಲ್ಲವೂ ಕನ್ನಡದಲ್ಲಿ ಸಿಗಲೇಬೇಕು. ಅಂಗಡಿ ಫಲಕದ ಶೇ. 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದ ಸರ್ಕಾರ, ತನ್ನದೇ ಕಾಡಿನ ದಾರಿಯಲ್ಲಿ ಕನ್ನಡ ಮರೆಯುವಂತಿಲ್ಲ. ಹಾವು, ಆನೆ, ಜಾರುವ ಬಂಡೆಯ ಬಗ್ಗೆ ಎಚ್ಚರಿಸುವ ಮಾತು ಓದುವವನಿಗೆ ಅರ್ಥವಾಗದಿದ್ದರೆ ಅದು ಎಚ್ಚರಿಕೆಯೇ ಅಲ್ಲ.

ಎರಡು. ದಾರಿಯ ಉದ್ದಕ್ಕೂ ಬೆಟ್ಟ, ಕೊಲ್ಲಿ, ಬಂಡೆ, ಬಯಲಿನ ನಿಜವಾದ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಹಾಕಬೇಕು. ಅದಕ್ಕೆ ಮೊದಲು ಊರಿನ ಹಿರಿಯರ ಹತ್ತಿರ ಕೂತು ಕೇಳಿ ಬರೆದುಕೊಳ್ಳಬೇಕು. ಎರಡು ಅಕಾಡೆಮಿಗಳೂ ಅರಣ್ಯ ಇಲಾಖೆಯೂ ಒಂದು ವರ್ಷ ಮನಸ್ಸಿಟ್ಟರೆ ಆಗುವ ಕೆಲಸ. ಹಿರಿಯರು ಕಾಯುವುದಿಲ್ಲ. ಅವರ ಜೊತೆಗೇ ಹೆಸರುಗಳೂ ಹೋಗುತ್ತವೆ.

ಮೂರು. ಮಾರ್ಗದರ್ಶಕರ ಕೆಲಸ ಆಯಾ ಊರಿನ ಹುಡುಗ ಹುಡುಗಿಯರಿಗೇ ಮೊದಲು ಸಿಗಬೇಕು. ಯರವರ, ಕುರುಬರ, ಕುಡಿಯರ ಮಕ್ಕಳಿಗೆ ಅದರಲ್ಲಿ ಪಾಲು ಇರಬೇಕು. ಬೆಂಗಳೂರಿನ ಕಂಪನಿ ಬಸ್ಸು ತುಂಬಿಸಿಕೊಂಡು ಬಂದು, ಹಣ ಎಣಿಸಿಕೊಂಡು, ಬೆಟ್ಟದ ಬುಡದಲ್ಲಿ ಕಸ ಬಿಟ್ಟು ಹೋಗುವ ವ್ಯಾಪಾರ ನಿಲ್ಲಬೇಕು. ಸರೋಜಿನಿ ಮಹಿಷಿ ವರದಿಯ ಕಾಲದಿಂದ ಕಾರ್ಖಾನೆಯ ಗೇಟಿನ ಮುಂದೆ ನಾವು ಕೇಳುತ್ತಾ ಬಂದ ನ್ಯಾಯ ಕಾಡಿನ ಗೇಟಿನ ಮುಂದೆಯೂ ನ್ಯಾಯವೇ.

ನಾಲ್ಕು. ದೇವರಕಾಡುಗಳು. ಕೊಡಗಿನಲ್ಲಿ 1,214 ದೇವರಕಾಡುಗಳಿವೆ. ಊರಿನವರು ತಲೆಮಾರುಗಳಿಂದ ಕೊಡಲಿ ಹಾಕದೆ ಕಾದ ಕಾಡು. ಅವುಗಳೊಳಗೆ ಚಾರಣದ ದಾರಿ, ಹೋಂಸ್ಟೇ ಪಾರ್ಟಿ ಎರಡೂ ಬೇಡ. ಹೊರಗಿನಿಂದ ಕೈ ಮುಗಿದು ಮುಂದೆ ಹೋಗೋಣ.

ಬರುವ ಶನಿವಾರ

ಸರ್ಕಾರ ಮಾಡುವುದು ಯಾವಾಗಲೋ. ನೀವು ಬರುವ ಶನಿವಾರವೇ ಶುರು ಮಾಡಬಹುದು.

ಟಿಕೆಟ್ ತೆಗೆಯುವಾಗ "ಮಡಿಕೇರಿ" ಎನ್ನಿ, "ಕೊಡಗು" ಎನ್ನಿ. ಮಳೆಗಾಲದಲ್ಲಿ ದಾರಿ ಮುಚ್ಚಿದ್ದರೆ ಹಠ ಮಾಡಬೇಡಿ, ಬೆಟ್ಟಕ್ಕೂ ಬಿಡುವು ಬೇಕು. ತೋಟದ ಬೇಲಿ ಹಾರಬೇಡಿ, ಅದು ಯಾರದೋ ಅನ್ನ. ಹೋಟೆಲಿನಲ್ಲಿ, ಹೋಂಸ್ಟೇಯಲ್ಲಿ, ಕಾಡಿನ ಗೇಟಿನಲ್ಲಿ ಕನ್ನಡದಲ್ಲೇ ಮಾತು ಶುರು ಮಾಡಿ. ಎದುರಿನವರು ಕೊಡವರಾದರೆ "ಇದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ?" ಎಂದು ಕೇಳಿ. ಅವರ ಮುಖ ಅರಳುವುದನ್ನು ನೋಡಿ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಇಟ್ಟುಕೊಳ್ಳಿ. ಹತ್ತುವಾಗ ದಾಟಿದ ಪ್ರತಿ ಕೊಲ್ಲಿಯ ಹೆಸರು ಕೇಳಿ ಬರೆದುಕೊಳ್ಳಿ. ಹತ್ತು ಹೆಸರು ಸಾಕು. ಶಿಖರದಲ್ಲಿ ತೆಗೆದ ನೂರು ಫೋಟೋಗಳಿಗಿಂತ ಆ ಹತ್ತು ಹೆಸರು ದೊಡ್ಡದು. ಫೋಟೋ ಹಾಕುವಾಗ ಕೆಳಗೆ ಆ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಫೋನಿನ ಮ್ಯಾಪಿನಲ್ಲಿ ತಪ್ಪು ಹೆಸರಿದ್ದರೆ ತಿದ್ದಲು ಅರ್ಜಿ ಹಾಕಿ, ಐದು ನಿಮಿಷದ ಕೆಲಸ. ಹಾಗೆ ನೂರು ಜನ ಮಾಡಿದರೆ ಸಾವಿರ ಹೆಸರು ಉಳಿಯಿತು. ಯಾವ ಮೆರವಣಿಗೆಯೂ ಬೇಡ.

ಆ ಸೌದೆ ಹೊರೆಯ ಅಜ್ಜ ಈಗ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅಂದು ಅವರ ಹೆಸರನ್ನೇ ನಾವು ಕೇಳಿರಲಿಲ್ಲ, ನೋಡಿ! ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಬೆಟ್ಟದ ಹೆಸರು ಕೇಳಿ, ಕೊಲ್ಲಿಯ ಹೆಸರು ಕೇಳಿ, ದಾರಿ ತೋರಿಸಿದವರ ಹೆಸರು ಕೇಳಿ.

ಕೂರ್ಗ್ ನೋಡಿದ್ದು ಸಾಕು. ಏಳಿ ಗೆಳೆಯರೇ, ಕೊಡಗಿಗೆ ಹೋಗೋಣ. ನಡೆದುಕೊಂಡು ಹೋಗೋಣ, ಕೇಳಿಕೊಂಡು ಹೋಗೋಣ.